ಬಂಡೆ ಮೇಲಿನ ಇಪ್ಪತ್ತೇಳನೇ ನಂಬರು

ಕಾಡುಗಿಡಗಳ ಕೆಲಸ ಅಂದ ಕೂಡಲೇ ನೆಂಟರೆಲ್ಲ ಆನೆ ಎದುರಾದ ಕಥೆ ಹೇಳು ಅಂತ ದುಂಬಾಲು ಬೀಳುತ್ತಾರೆ. ಎದುರಾಗಿದ್ದರೆ ಹೇಳುತ್ತಿದ್ದೆ. ನನಗೆ ಎದುರಾಗುವುದು ಬರೀ ಅವಮಾನ. ಅದು ಮಾತ್ರ ಹೋದ ಕಡೆಯೆಲ್ಲ ನನಗಿಂತ ಮೊದಲೇ ಬಂದು ಕಾದು ಕೂತಿರುತ್ತದೆ.

ಕೆಲಸ ಇಷ್ಟೇ. ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಮುತ್ತ ಆರಿಸಿದ ಕಾಡುಗಿಡಗಳಿಗೆ ನಂಬರಿನ ತಗಡಿನ ಬಿಲ್ಲೆ ಕಟ್ಟಿ, ತಿಂಗಳಿಗೊಮ್ಮೆ ಹೋಗಿ ನೋಡಿ ಬರುವುದು. ಬದುಕಿದೆಯೋ, ಹೂ ಬಿಟ್ಟಿದೆಯೋ, ಎಷ್ಟು ದಪ್ಪವಾಗಿದೆ. ನೀರು ಹಾಕುವಂತಿಲ್ಲ, ಬೇಲಿ ಕಟ್ಟುವಂತಿಲ್ಲ. ಸುಮ್ಮನೆ ನೋಡಬೇಕು. ವರ್ಷಗಟ್ಟಲೆ ನೋಡಬೇಕು. ನಮ್ಮತ್ತೆಗೆ ಇದನ್ನು ವಿವರಿಸಿ ಸೋತಿದ್ದೇನೆ. ಅವರು ಬೀದಿಯಲ್ಲಿ ಯಾರಾದರೂ ಕೇಳಿದರೆ "ನಮ್ಮ ಅಳಿಯಂದಿರು ಕಾಡಿನ ಕಡೆ ಇದ್ದಾರೆ" ಅಂತ ಹೇಳಿ ಮಾತು ಬದಲಿಸುತ್ತಾರೆ.

ಕಂಡಕ್ಟರ್ ಕೇಳಿದ್ದು

ಹನೂರು ಬಸ್ಸಿನ ಕಂಡಕ್ಟರ್ ನನ್ನನ್ನು ಬಹಳ ದಿನದಿಂದ ಗಮನಿಸಿದ್ದ. ಒಂದು ದಿನ ಬಸ್ಸು ಖಾಲಿ ಇತ್ತು, ಪಕ್ಕ ಬಂದು ಕೂತ.

"ಸಾ, ತಪ್ಪು ತಿಳಕಬ್ಯಾಡಿ. ಮಂಡಿಗಂಟ ಬೂಟು ಆಕಂಡು ಎಲ್ಲಿಗ್ ಓಯ್ತೀರಿ?"

"ಗಿಡ ನೋಡೋಕೆ."

"ಎಷ್ಟು ವರ್ಸದಿಂದ?"

"ಹತ್ತು ವರ್ಷ ಆಯ್ತು" ಅಂದೆ, ಸ್ವಲ್ಪ ಎದೆ ಉಬ್ಬಿಸಿಯೇ.

ಅವನ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. "ಹತ್ತು ವರ್ಸ ಆದ್ರೂ ಇನ್ನೂ ಸಿಕ್ಕಿಲ್ವಾ ಸಾ?"

ಮರ ದಪ್ಪವಾದದ್ದು

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಿಕ್ಕಿನಲ್ಲಿ, ಒಂದು ಊರಾಚೆ ನನ್ನ ಹೊನ್ನೆ ಮರವಿದೆ. ತಿಂಗಳಿಗೊಮ್ಮೆ ಅಲ್ಲಿ ನಾನು ಮಾಡುವುದನ್ನು ದೂರದಿಂದ ನೋಡಿದವರ ಪಾಡು ಊಹಿಸಿ. ಟೇಪು ಹಿಡಿದು ಮರ ಸುತ್ತುತ್ತೇನೆ. ಬುಡಕ್ಕೆ ಬಗ್ಗುತ್ತೇನೆ. ಮೇಲೆ ನೋಡುತ್ತಾ ಬಾಯಲ್ಲೇ ಏನೋ ಎಣಿಸುತ್ತೇನೆ. ಹೂ ಬಿಟ್ಟಿದ್ದರೆ ಖುಷಿಗೆ ಕೈ ಮುಗಿದದ್ದೂ ಉಂಟು.

ಮೊದಲು ಬುಡದಲ್ಲಿ ಅರಿಶಿನ ಕುಂಕುಮ ಕಂಡಿತು. ಆಮೇಲೆ ಒಂದು ಕಲ್ಲು, ಕಲ್ಲಿನ ಮುಂದೆ ದೀಪ. ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಯಾಕೆಂದರೆ ಮರ ಅದ್ಭುತವಾಗಿ ದಪ್ಪವಾಗುತ್ತಿತ್ತು. ಅಂಥ ಬೆಳವಣಿಗೆ ನಾನು ಎಲ್ಲೂ ಕಂಡಿರಲಿಲ್ಲ. ಮೈಸೂರಿನಲ್ಲಿರುವ ನಮ್ಮ ಮೇಡಂಗೆ, ಅಂದರೆ ಈ ಕೆಲಸಕ್ಕೆಲ್ಲ ಯಜಮಾನಿಗೆ, ಹೆಮ್ಮೆಯಿಂದ ಫೋನು ಮಾಡಿದೆ. ಮಣ್ಣಿನ ಗುಣದ ಬಗ್ಗೆ ಒಂದು ಭಾಷಣವನ್ನೂ ಬಿಗಿದೆ.

ಫೋಟೋ ಕಳಿಸಿ ಅಂದರು. ಕಳಿಸಿದೆ. ಅವರೇ ತಿರುಗಿ ಫೋನು ಮಾಡಿದರು. "ನೀವು ಅಳೆದಿರೋದು ಹರಕೆ ದಾರ ಕಣ್ರೀ. ಅದರೊಳಗೆ ಮರ ಎಲ್ಲಿದೆ ನೋಡಿ."

ಮುಂದಿನ ತಿಂಗಳು ದಾರ ಸರಿಸಿ ಅಳೆಯೋಣ ಅಂತ ಹೋದರೆ, ಅಲ್ಲಿ ಹೆಂಗಸರ ಸಾಲು. ನಾನು ಟೇಪು ತೆಗೆದು ಮುಂದೆ ನುಗ್ಗಿದ್ದಕ್ಕೆ ಒಬ್ಬಾಕೆ ಗದರಿಸಿದರು. "ಬೂಟು ಬುಟ್ಟು ಸಾಲಲ್ ನಿಂತ್ಕಳಿ ಸಾ. ದೇವ್ರನ್ನ ಮೊದ್ಲು ಕಂಡವ್ರು ನೀವೇ ಇರಬೌದು, ಅದ್ಕೇಂತ ಎಲ್ರಿಗಿಂತ ಮುಂದಾ?"

ಮೇಕೆ ಕಾಯ್ದದ್ದು

ಅಜ್ಜೀಪುರದ ಕಡೆ ಒಬ್ಬ ಯಜಮಾನರ ಹೊಲ. ಹೊಲದ ಮೇಲ್ಗಡೆ ಬಂಡೆ. ಬಂಡೆಯ ಸಂದಿಯಲ್ಲಿ ಮಾಗಳಿ ಬಳ್ಳಿಗಳು. ಇದರ ಬೇರಿನ ಉಪ್ಪಿನಕಾಯಿಗೆ ಜೀವ ಬಿಡುವವರಿದ್ದಾರೆ. ತಿಗಣೆ ವಾಸನೆ ಅಂತ ಮೂಗು ಮುಚ್ಚಿಕೊಂಡು ಎದ್ದು ಹೋಗುವವರೂ ಇದ್ದಾರೆ. ಅಗೆದು ಅಗೆದು ಬಳ್ಳಿಯೇ ಅಪರೂಪವಾಗಿದೆ. ಇಲ್ಲಿ ಮಾತ್ರ ದೊಡ್ಡದೊಂದು, ಅದೇ ಇಪ್ಪತ್ತೇಳನೇ ನಂಬರು, ಸುತ್ತ ಅದರ ಮರಿಗಳು.

ಒಂದು ದಿನ ನಾನು ಬಂಡೆ ಮೇಲೆ ಕೂತು ಮರಿಗಳನ್ನು ಎಣಿಸುತ್ತಿದ್ದಾಗ ಯಜಮಾನರು ಮೇಕೆ ಹೊಡೆದುಕೊಂಡು ಬಂದರು.

"ಎಂಗಿದ್ರೂ ಸುಮ್ನೆ ಕುಂತಿದ್ದೀರಲ್ಲ ಸಾ, ವಸಿ ಮೇಕೆ ನೋಡ್ಕತಿರಿ. ಒಂದ್ ಟೀ ಕುಡ್ಕಂಡ್ ಬತ್ತೀನಿ."

ಸುಮ್ಮನೆ ಕೂತಿಲ್ಲ ಅಂತ ತೋರಿಸಬೇಕೆಂಬ ಛಲ ನನಗೆ. ಕೋಲು ಹಿಡಿದು ಎದ್ದೆ. ಹೊಲದ ಜೋಳಕ್ಕೆ ಒಂದು ಮೇಕೆಯೂ ಬಾಯಿ ಹಾಕದಂತೆ ಕೆಳಗೆ ನಿಂತು ಪಹರೆ ಕಾಯ್ದೆ. ಯಜಮಾನರು ಬಂದು ಜೋಳ ನೋಡಿ ಬೆನ್ನು ತಟ್ಟಿದರು. ಮೇಲೆ ಹೋಗಿ ನೋಡಿದೆ. ಇಪ್ಪತ್ತೇಳು ಬಿಟ್ಟು ಮಿಕ್ಕದ್ದೆಲ್ಲ ನುಣ್ಣಗಾಗಿತ್ತು. ಮರಿಗಳು ನಾಶವಾದ ಕಾರಣ ವರದಿಯಲ್ಲಿ ಬರೆಯಬೇಕಿತ್ತು. 'ಮೇಕೆ' ಅಂತ ಬರೆದೆ. ಮೇಕೆ ಕಾಯುತ್ತಿದ್ದವನು ಯಾರು ಅಂತ ಬರೆಯಲು ಪುಣ್ಯಕ್ಕೆ ಜಾಗವಿರಲಿಲ್ಲ.

ಮೇಡಂ ಬಂದದ್ದು

ಮರಿಗಳು ಹೋದ ಸುದ್ದಿ ಕೇಳಿ ಮೇಡಂ ಗಂಭೀರವಾದರು. "ಒಂದೇ ಬಳ್ಳಿ ಇಟ್ಕೊಂಡು ಆ ಬಂಡೆಗೆ ಯಾಕೆ ಓಡಾಡ್ಬೇಕು? ನಾನೇ ಬಂದು ನೋಡ್ತೀನಿ. ಅದು ಇನ್ನೊಂದು ವರ್ಷ ಇರುತ್ತೆ ಅಂತ ನನಗೆ ನಂಬಿಕೆ ಬಂದ್ರೆ ಮುಂದುವರಿಸೋಣ. ಇಲ್ಲಾಂದ್ರೆ ನಿಲ್ಲಿಸಿಬಿಡೋಣ."

ಹತ್ತು ವರ್ಷ ಬೆನ್ನು ಬಗ್ಗಿಸಿ ನೋಡಿದ ಬಳ್ಳಿ ಅದು. ಮೊದಲ ಹೂ ಬಿಟ್ಟ ದಿನ ಮನೆಗೆ ಸಿಹಿ ಕೊಂಡೊಯ್ದಿದ್ದೆ. ಎರಡು ವಾರ ಮುಂಚೆಯೇ ಹೋಗಿ ಯಜಮಾನರ ಹೆಂಡತಿಗೆ ಕೈಮುಗಿದು ಹೇಳಿ ಬಂದೆ. "ಅವ್ವ, ನಮ್ಮ ದೊಡ್ಡ ಮೇಡಂ ಮೈಸೂರಿಂದ ನಿಮ್ಮ ಮಾಗಳಿಗೋಸ್ಕರಾನೇ ಬರ್ತಾ ಇದಾರೆ. ನನ್ನ ಮರ್ಯಾದೆ ನಿಮ್ಮ ಕೈಯಲ್ಲಿದೆ. ಏನೇ ಆಗ್ಲಿ, ಆ ನಂಬರ್ ಬಿಲ್ಲೆ ಮಾತ್ರ ಕಳೀಬೇಡಿ."

"ನಂಗ್ ಬುಡಿ ಸಾ" ಅಂದರು ಅವ್ವ.

ನಾವು ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಉಂಡೇ ಹೋಗಬೇಕು ಅಂತ ಅವ್ವ ಹಟ ಹಿಡಿದರು. ಮುದ್ದೆ, ಹುರುಳಿಕಾಳು ಸಾರು, ಅನ್ನ ಮಜ್ಜಿಗೆ, ಪಕ್ಕದಲ್ಲಿ ಮಾಗಳಿ ಉಪ್ಪಿನಕಾಯಿ. ಮೇಡಂ ಒಂದು ಹೋಳು ಕಚ್ಚಿ ಕಣ್ಣು ಮುಚ್ಚಿದರು. ಇನ್ನೆರಡು ಹಾಕಿಸಿಕೊಂಡರು. ನಾನು ನಾಲ್ಕು ಹಾಕಿಸಿಕೊಂಡೆ. ನನ್ನ ಪಾಂಡಿತ್ಯ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತದೆಯೇ?

"ನೋಡಿ ಮೇಡಂ, ಎಳೇ ಬಳ್ಳಿ ಬೇರಿಗೆ ಈ ಘಮ ಬರೋದಿಲ್ಲ. ಇದು ಹತ್ತು ವರ್ಷಕ್ಕೆ ಕಮ್ಮಿ ಇಲ್ಲ. ಬಂಡೆ ಸಂದೀದೇ ಇರಬೇಕು."

ಅವ್ವ ಮೆಚ್ಚಿ ತಲೆಯಾಡಿಸಿದರು. "ಸರ್ಯಾಗ್ ಏಳುದ್ರಿ ಸಾ."

ಕೈ ತೊಳೆದು ಬೂಟು ಹಾಕಿಕೊಳ್ಳುತ್ತಾ, "ಮೇಲೆ ಹೋಗಿ ನಮ್ಮ ಇಪ್ಪತ್ತೇಳನ್ನ ನೋಡ್ಕೊಂಡು ಬರ್ತೀವಿ ಅವ್ವ" ಅಂದೆ.

"ಈ ಬಿಸ್ಲಲ್ಲಿ ಮೇಲ್ಯಾಕ್ ಓಗೀರಿ? ಇಲ್ಲೇ ಅದಲ್ಲ!"

ಒಳಗಿಂದ ಜಾಡಿ ತಂದು ನಮ್ಮ ಮುಂದೆ ಇಟ್ಟರು. ಅದರ ಕುತ್ತಿಗೆಗೆ ನನ್ನದೇ ತಂತಿಯಲ್ಲಿ, ತಿಕ್ಕಿ ತೊಳೆದು ಫಳಫಳ ಹೊಳೆಯುವ ಬಿಲ್ಲೆ. ಇಪ್ಪತ್ತೇಳು.

"ಅಷ್ಟು ದೊಡ್ಡೋರು ಮಾಗಳಿಗೇಂತ ಮೈಸೂರಿಂದ ಬಂದು, ಬಂಡೆ ಅತ್ತಿ ಸುಮ್ನೆ ನೋಡ್ಕಂಡ್ ಓಗದಾ? ನಮ್ಗೆ ಮಾನ ಮರ್ವಾದೆ ಬ್ಯಾಡ್ವಾ? ಅದ್ಕೇ ಯಜಮಾನ್ರ ಕೈಲಿ ಕೀಳ್ಸಿ ಆಕ್ದೆ. ನಂಬರ್ ಮಾತ್ರ ಕಳೀನಿಲ್ಲ, ನೋಡ್ಕಳಿ."

ನನ್ನ ಕಣ್ಣು ನೀರಾಡಿತು. ನಾಲಿಗೆ ಮಾತ್ರ, ನಾಚಿಕೆಗೆಟ್ಟದ್ದು, ಇನ್ನೂ ಚಪ್ಪರಿಸುತ್ತಲೇ ಇತ್ತು. ಮೇಡಂ ಒಮ್ಮೆ ಬಿಲ್ಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಈಗ ಇದನ್ನ ಬದುಕಿದೆ ಅಂತ ಬರೀತೀರೋ, ಸತ್ತಿದೆ ಅಂತ ಬರೀತೀರೋ?" ಅಂದರು.

ನಾನು ತಲೆ ತಗ್ಗಿಸಿ ನಿಂತಿದ್ದು ಅವ್ವನಿಗೆ ನೋಡಲಾಗಲಿಲ್ಲ. ಜಾಡಿಯ ಮುಚ್ಚಳ ಬಿಗಿ ಮಾಡುತ್ತಾ, ನನ್ನ ಪರವಾಗಿ ಮೇಡಂಗೆ ಭರವಸೆ ಕೊಟ್ಟರು.

"ಯೋಚ್ನೆ ಮಾಡ್ಬ್ಯಾಡಿ ಮೇಡಮ್ಮಾರೇ. ಉಪ್ಪು ಸರ್ಯಾಗ್ ಬಿದ್ದದೆ. ಇನ್ನೊಂದ್ ವರ್ಸ ಇದ್ಕೆ ಏನೂ ಆಗಾಕಿಲ್ಲ."