ಕಂಕುಳು ಮುಟ್ಟಿ ನೋಡುವ ಷಡ್ಡಕ

ನನ್ನ ಷಡ್ಡಕನ ಕೈ ಕುಲುಕುವ ಮೊದಲು ಸ್ವಲ್ಪ ಯೋಚಿಸಿ. ನೀವು ಕೊಡುವುದು ಕೈ, ಅವನು ಹಿಡಿಯುವುದು ಕಂಕುಳು!

ಕಳೆದ ಯುಗಾದಿಗೆ ಜಂಗಮಕೋಟೆಯ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅತ್ತೆ, ನಾನು, ನನ್ನ ಹೆಂಡತಿ, ಕೂತಲ್ಲಿ ಕೂರದ ನಮ್ಮ ಮಗಳು, ನಾದಿನಿ, ಮತ್ತು ನಾದಿನಿಯ ಗಂಡನಾದ ಈ ಮಹಾನುಭಾವ. ಇವನಿಗೆ ಗೌರಿಬಿದನೂರಿನ ಕಡೆಯ ಒಂದು ಪ್ರಯೋಗಾಲಯದಲ್ಲಿ ಕೆಲಸ. ಏನು ಕೆಲಸ ಅಂತೀರಿ? ಇಲಿ ಸಾಕುವುದು! ಚಂಚಲ ಮಕ್ಕಳ ಮನಸ್ಸು ಒಂದು ಕಡೆ ನಿಲ್ಲಲೆಂದು ಡಾಕ್ಟರು ಬರೆದುಕೊಡುವ ಉತ್ತೇಜಕ ಮದ್ದನ್ನು ಆ ಇಲಿಗಳಿಗೆ ಬಾಳಿನುದ್ದಕ್ಕೂ ತಿನ್ನಿಸಿ, ಕ್ಯಾನ್ಸರ್ ಬರುತ್ತದೋ ಇಲ್ಲವೋ ನೋಡುತ್ತಾರೆ. ವಾರವಾರ ಒಂದೊಂದನ್ನೂ ಎತ್ತಿ, ಕತ್ತು, ಕಂಕುಳು, ಹೊಟ್ಟೆ ಸವರಿ ಗಂಟು ಹುಡುಕಬೇಕು. ಅಭ್ಯಾಸಬಲ! ಚಿಂತಾಮಣಿಯ ಮದುವೆಯೊಂದರಲ್ಲಿ ಗಂಡಿನ ಸೋದರಮಾವನನ್ನು ಅಪ್ಪಿಕೊಂಡವನು ಹಾಗೇ ತಡವಿಬಿಟ್ಟ. ಅವರು ಕಚಗುಳಿಗೆ ಕುಣಿದು, "ಏನಯ್ಯಾ, ನಾನೇನು ಸಂತೆಗೆ ಬಂದಿರೋ ಟಗರಾ?" ಅಂದರು. ಇವನು ಗಂಭೀರವಾಗಿ, "ಏನೂ ಇಲ್ಲ, ಆರಾಮಾಗಿದೀರಿ" ಅಂದ!

ಇಂಥವನ ಮೇಲೆ ನನಗೆ ಹೊಟ್ಟೆಕಿಚ್ಚು ಯಾಕೆ? ಹೇಳುತ್ತೇನೆ. ನಮ್ಮತ್ತೆ ರೇಷ್ಮೆ ಸಾಕುವವರು. ಅವರ ಹುಳುಮನೆಯೊಳಕ್ಕೆ ಹಿರಿ ಅಳಿಯನಾದ ನನಗೆ ಇವತ್ತಿಗೂ ಪ್ರವೇಶವಿಲ್ಲ. "ನೀವು ಪೌಡ್ರು ಬಳ್ಕೊತೀರಪ್ಪ, ಹುಳಕ್ಕೆ ಆಗಲ್ಲ" ಅನ್ನುತ್ತಾರೆ. ಇವನೋ, ಮದುವೆಯಾದ ಮೊದಲ ಹಬ್ಬಕ್ಕೇ ಕಾಲು ತೊಳೆದು, ಉಸಿರು ಬಿಗಿಹಿಡಿದು, ಪಿಸುಮಾತಿನಲ್ಲಿ "ಅತ್ತೆ, ಬರ್ಲಾ?" ಅಂದ. ಇಲಿಮನೆಗೂ ಅದೇ ಮಡಿಯಂತೆ! ಒಳಗೆ ಹೋದವನು ಊಟಕ್ಕೂ ಬರಲಿಲ್ಲ. ಅವನಿಗೆಂದು ತೆಗೆದಿಟ್ಟಿದ್ದ ತುಪ್ಪದ ಬಟ್ಟಲಿನ ದರ್ಶನವನ್ನು ನಾನು ದೂರದಿಂದ ಮಾಡಿದೆ.

ಅತ್ತೆಯ ಪ್ರೀತಿ ಅಲ್ಲಿಗೇ ನಿಲ್ಲಲಿಲ್ಲ. ಹುಳುವಾದರೇನು, ಇಲಿಯಾದರೇನು, ಸಾಕುವವನಿಗೆ ಸೊಪ್ಪು ಬೇಡವೇ ಎಂದು ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ಕಟ್ಟಿ, ಬಸ್ಸಿನಲ್ಲಿ ನನ್ನ ಕೈಲೇ ಪ್ರಯೋಗಾಲಯಕ್ಕೆ ಹೊರಿಸಿದರು. ಹೊರಗಿನ ಒಂದೆಲೆ ಒಳಗೆ ಹೋದರೂ ಪರೀಕ್ಷೆಯೇ ಕೆಡುತ್ತದೆಂದು ಗೇಟಿನವನು ನನ್ನನ್ನು ಕಳ್ಳನಂತೆ ನೋಡಿದ. ಷಡ್ಡಕ ಹೊರೆಯನ್ನು ಪಕ್ಕದೂರಿನ ಹಸುವಿಗೆ ಹಾಕಿ, ಅತ್ತೆಗೆ ಫೋನ್ ಮಾಡಿ, "ಚಪ್ಪರಿಸ್ಕೊಂಡು ತಿಂದ್ವು ಅತ್ತೆ!" ಅಂದ. ಹೊಗಳಿಕೆ ಅವನಿಗೆ, ಬೆನ್ನುನೋವು ನನಗೆ!

ಹಾಳಾಗಲಿ, ಅತ್ತೆಯನ್ನು ಬಿಟ್ಟುಕೊಟ್ಟೆ. ಆದರೆ ಮಗಳು? ಕುರ್ಚಿಯಲ್ಲಿ ನಿಲ್ಲದ ನನ್ನ ಮಗಳು ಅವನು ಇಲಿಗಳ ಕಥೆ ಹೇಳಿದರೆ ಕಣ್ಣು ಮಿಟುಕಿಸದೆ ಕೂರುತ್ತಾಳೆ. ಆ ಯುಗಾದಿಯ ದಿನ ಅವಳೇ ಕೇಳಿದಳು: "ಚಿಕ್ಕಪ್ಪ, ನನ್ ಮಾತ್ರೆ ತಿನ್ನೋ ಇಲಿಗಳು ಹೆಂಗಿದಾವೆ?"

ಹೌದು, ಅವಳು ತಿನ್ನುವುದೂ ಅದೇ ಮದ್ದು. ಹೆಂಡತಿಯ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. "ಹೇಳಪ್ಪ, ಗಂಟು ಗಿಂಟು ಸಿಕ್ತಾ?"

"ಪರೀಕ್ಷೆ ಇನ್ನೂ ಮುಗಿದಿಲ್ಲ ಅಕ್ಕ. ಮುಗಿದ್ರೂ ಹೊರಗೆ ಹೇಳೋ ಹಾಗಿಲ್ಲ."

"ನಿಮ್ಮ ಇಲಿಗೆ ಇರೋ ಗುಟ್ಟು ನನ್ ಮಗೂಗೆ ಇಲ್ವಾ?"

ಅವನು ತಲೆ ತಗ್ಗಿಸಿದ. ಅಂದಿನಿಂದ ನನ್ನವಳು ಮಾತ್ರೆಯನ್ನು ರಾಗಿ ಡಬ್ಬದೊಳಗೆ ಬಚ್ಚಿಟ್ಟಳು. ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಮಗಳಿಗೆ ಶಾಲೆಯಲ್ಲಿ ಒಂದು ಸಾಲು ಬರೆಯಲೂ ಆಗದಾಯಿತು. "ನಾನು ದಡ್ಡಿನಾ ಅಪ್ಪ?" ಎಂದು ಕೇಳಿದಳು. ಮಾತ್ರೆ ಕೊಡಬಹುದೋ ಬಾರದೋ ನನಗೇನು ಗೊತ್ತು? ಗೊತ್ತಾದರೆ ಅವನಿಗೇ. ಅದಕ್ಕೂ ಹೊಟ್ಟೆ ಉರಿಯಿತು.

ತಿಂಗಳುಗಳು ಕಳೆದವು. ಪರೀಕ್ಷೆ ಮುಗಿದು ವರದಿ ಬಂದ ವಾರ ಅವನು ಶಿಡ್ಲಘಟ್ಟದ ನಮ್ಮ ಮನೆಗೆ ಬಂದ. ಅದರಲ್ಲೇನಿದೆಯೆಂದು ಹೇಳುವಂತಿರಲಿಲ್ಲ. ನಾವೂ ಕೇಳಲಿಲ್ಲ. ಕೈ ತೊಳೆದುಕೊಂಡು, "ಅಕ್ಕ, ಮಾತ್ರೆ ಕೊಡಿ" ಅಂದ. ಹೆಂಡತಿ ಅವನ ಮುಖವನ್ನೇ ನೋಡುತ್ತಾ ಡಬ್ಬಕ್ಕೆ ಕೈ ಹಾಕಿದಳು. ಅವನು ಒಂದು ಮಾತ್ರೆ ಬಿಡಿಸಿ ಮಗಳ ಅಂಗೈಯಲ್ಲಿಟ್ಟು, ಅವಳು ನುಂಗುವವರೆಗೂ ನೀರಿನ ಲೋಟ ಹಿಡಿದು ನಿಂತ.

ಹೊರಡುವಾಗ ಬಾಗಿಲಲ್ಲಿ ನಾನೇ ಅವನೆದುರು ಎರಡೂ ತೋಳೆತ್ತಿ ನಿಂತೆ.