ದಂತದ ಬಳೆಯ ಕಾವಲುಗಾರ

ನಮ್ಮ ಮನೆಯವರು ಈ ಪ್ರಪಂಚದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಮನುಷ್ಯರ ಮಾತು ಬಿಡಿ, ಶಿಕಾರಿಪುರದ ಗಾಳಿಯ ಮೇಲೂ ಅವರಿಗೆ ಗುಮಾನಿ!

ಎಲ್ಲಕ್ಕೂ ಕಾರಣ ಒಂದು ಕೋಲು. ಮದುವೆಗೆ ಮುಂಚೆ ಅವರು ಘಟ್ಟದ ಕಡೆ, ಕಾಫಿ ತೋಟದ ದೊರೆಗಳ ಕ್ಲಬ್ಬಿನಲ್ಲಿದ್ದರು. ದೊರೆಗಳು ಬಿಲಿಯರ್ಡ್ಸ್ ಆಡಿದರೆ ಇವರು ಪಾಯಿಂಟು ಕೂಗುವುದು, ಕೋಲು ಒರೆಸಿಡುವುದು. ದೊರೆಯೊಬ್ಬರು ವಿಲಾಯತಿಗೆ ಹೊರಟಾಗ ತಮ್ಮ ಕೋಲನ್ನು ಇವರಿಗೇ ಕೊಟ್ಟರಂತೆ. ಕೊಟ್ಟರೋ, ಇವರೇ ತಂದರೋ? ಅದು ನನ್ನ ಗುಮಾನಿ! ಅದರ ತುದಿಗೆ ಬೆರಳಗಲದ ಆನೆದಂತದ ಬಳೆ. ಆಡುವ ಮೇಜು ಶಿಕಾರಿಪುರದಲ್ಲೂ ಇಲ್ಲ, ನನ್ನ ತವರು ಸೊರಬದಲ್ಲೂ ಇಲ್ಲ. ಆಡದ ಕೋಲಿಗೆ ಅದೆಂಥ ಉಪಚಾರ ಅಂತೀರಿ!

ನೀರು ಬೇಡ, ಎಣ್ಣೆ ಬೇಡ. ಬಿಸಿಲಿಗಿಟ್ಟರೆ ದಂತ ಸೀಳು ಬಿಡುತ್ತದೆ, ಪೆಟ್ಟಿಗೆಯ ಕತ್ತಲಲ್ಲಿಟ್ಟರೆ ಬಣ್ಣ ಕೆಡುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಕಿಟಕಿಯ ಪಕ್ಕ, ನೆರಳಲ್ಲಿ ಕೂತು, ಹಳೇ ಪಂಚೆಯ ಒಣ ತುಂಡಿನಿಂದ ಒರೆಸುತ್ತಿದ್ದರು. ಎದುರುಮನೆಯವರು ಒಮ್ಮೆ ಇಣುಕಿದರು. ಮರುದಿನವೇ ಕಿಟಕಿಗೆ ಪರದೆ ಬಂತು. ಯಾವ ಪರದೆ? ನನ್ನ ಸೀರೆ! ಆದರೆ ಆ ಸೀರೆಯ ಒಡತಿ ಮಾತ್ರ ಕೋಲು ಮುಟ್ಟುವಂತಿಲ್ಲ. ಕಟ್ಟಿಕೊಂಡವಳ ಮೇಲೂ ಗುಮಾನಿಯೇ? ಒಂದು ದಿನ ಇವರೇ ಅದನ್ನು ನನ್ನ ಕೈಗೆ ಕೊಡಬೇಕು ಎಂಬ ಹಟ ನನ್ನಲ್ಲಿ ಕೂತಿತು.

ಕನ್ನಡ ಸೀಮೆ ಒಂದಾದ ಮರುವರ್ಷದ ದಸರೆಗೆ ಸೊರಬಕ್ಕೆ ಹೊರಟೆವು. ಮನೆಯಲ್ಲಿ ಬಿಟ್ಟರೆ ಕಳ್ಳರ ಭಯ. ಕೋಲಿಗೆ ಕಂಬಳಿ ಸುತ್ತಿ ಬಸ್ಸಿಗೆ ತಂದರು.

“ಏನ್ರೀ ಅದು, ಕೋವೀನಾ?” ಎಂದ ಕಂಡಕ್ಟರ್.

“ಅಲ್ಲ.”

“ಹಂಗಾರೆ ಬಿಚ್ಚಿ ತೋರ್ಸ್ರಿ.”

“ಧೂಳು ಕೂರ್ತದ್ರೀ.”

“ಹಂಗಾರೆ ಇಳೀರಿ!”

ಇಳಿದೇಬಿಟ್ಟರು! ಬುತ್ತಿ ಹಿಡಿದು ನಾನೂ ಇಳಿದೆ. ರಸ್ತೆಬದಿಯಲ್ಲಿದ್ದದ್ದು ಒಂದು ಎಳೆಯ ಮರ. ಮುಂದಿನ ಬಸ್ಸು ಬರುವವರೆಗೆ ಕೋಲಿಗೆ ನೆರಳು, ನನಗೆ ಬಿಸಿಲು.

ತವರಿನಲ್ಲಿ ಆಯುಧಪೂಜೆ. ಅಮ್ಮ ಮಚ್ಚು, ಕುಡುಗೋಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತ, “ಅಳಿಯಂದ್ರೇ, ನಿಮ್ದೂ ತನ್ನಿ” ಎಂದಳು. ಇವರು ಕೋಲನ್ನು ಅಪ್ಪಿಕೊಂಡು ಹಿತ್ತಿಲಿಗೆ ಓಡಿದರು.

“ಭಾವ, ಪೂಜೆ ಬೇಡ್ದಿದ್ರೆ ಹೋಗ್ಲಿ, ನಾಕು ಪೇರಲೆಹಣ್ಣಾದ್ರೂ ಕೆಡವಿ ಕೊಡಿ!” ಎಂದ ನನ್ನ ತಮ್ಮ.

ನಾನು ಬೆನ್ನಿಗೇ ಹೋಗಿ ಜಗಳ ತೆಗೆದೆ.

“ದಂತ ಅರಿಶಿನ ಹೀರ್ತದೆ ಕಣೇ. ಯಾವ ಕಾಲಕ್ಕೂ ಹೋಗಲ್ಲ. ನಿನ್ನ ಕೈ ನೋಡ್ಕೋ!”

ನೋಡಿಕೊಂಡೆ. ದಿನಾ ತಾಳಿಗೆ ಅರಿಶಿನ ಹಚ್ಚುವ ಕೈ, ಹಳದಿಯಾಗದೆ ಇನ್ನೇನಾಗುತ್ತದೆ? ಆ ತಾಳಿ ಕಟ್ಟಿದವರಾದರೂ ಯಾರು? ಸಂಜೆಯವರೆಗೆ ನಾನು ಅವರೊಡನೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ!

ಮುಂದಿನ ಬೇಸಿಗೆಗೆ ಅವರು ಹಾಸಿಗೆ ಹಿಡಿದರು. ಬೆರಳಲ್ಲಿ ಬಟ್ಟೆ ನಿಲ್ಲದಾಯಿತು. ಒಂದು ಬೆಳಿಗ್ಗೆ ಕೋಲನ್ನು ನನ್ನತ್ತ ಚಾಚಿದರು.

ಬಚ್ಚಲಿಗೆ ಓಡಿದೆ. ಕೈಯನ್ನು ಸೀಗೆಪುಡಿಯಲ್ಲಿ ಉಜ್ಜಿದೆ, ಹುಣಸೆಹಣ್ಣಿನಲ್ಲಿ ಉಜ್ಜಿದೆ. ಬಂದು ಬಾಗಿಲಲ್ಲೇ ನಿಂತೆ.

“ಅರಿಶಿನ ಇನ್ನೂ ಹೋಗಿಲ್ಲ ರೀ...”

“ಇರ್ಲಿ, ಬಾರೇ.”

ನನ್ನ ಒದ್ದೆ ಕೈಯನ್ನು ಹಿಡಿದು ತಾವೇ ದಂತದ ಬಳೆಯ ಮೇಲೆ ಒತ್ತಿದರು.

ಅಲ್ಲೊಂದು ಹೆಬ್ಬೆರಳಿನ ಹಳದಿ ಗುರುತು ಉಳಿದಿದೆ. ಈಗ ತಾಳಿಯಿಲ್ಲ, ನನ್ನ ಕೈಯಲ್ಲಿ ಅರಿಶಿನವೂ ಇಲ್ಲ. ಆ ಬಳೆಯ ಮೇಲಿದೆ.