ಕಾರ್ಡ್‌ಲೆಸ್ ಕೊಟ್ಟ ಪುರಾವೆ

ವಾದ ಮಾಡಿ ಗೆಲ್ಲುವುದೂ ಒಂದು ಚಟ. ತಂಬಾಕಿನ ಚಟದವನು ತನ್ನ ಎದೆಯನ್ನಷ್ಟೇ ಸುಟ್ಟುಕೊಳ್ಳುತ್ತಾನೆ. ವಾದದ ಚಟದವನು ಮನೆಮಂದಿಯನ್ನೆಲ್ಲ ಸುಡುತ್ತಾನೆ. ಜಮಖಂಡಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಮೂರು ಢಾಲು ಗೆದ್ದ ನಾನು, ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದರೂ "ಯಾವ ಆಧಾರದ ಮ್ಯಾಲ?" ಎಂದು ಕೇಳುವವನು. ಅವ್ವ ಒಂದು ಢಾಲನ್ನು ಹಿಟ್ಟಿನ ಡಬ್ಬಿಗೆ ಮುಚ್ಚಿದ್ದಾಳೆ. ಆ ಮೂರರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ.

ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಅವು ಖಟಖಟ ಅನ್ನುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳದು. ಸೀರೆ ಕೊಳ್ಳುವ ಹಳೆಯ ವ್ಯಾಪಾರಿಗಳ ಹತ್ತಿರ ಇರುವುದು ನಮ್ಮ ಲ್ಯಾಂಡ್‌ಲೈನ್ ನಂಬರು. ಮಾತಾಡಲು ಮಾಳಿಗೆ ಹತ್ತಬೇಕು. ಅದಕ್ಕೇ ಅಪ್ಪ ಎಂದೋ ಒಂದು ಕಾರ್ಡ್‌ಲೆಸ್ ಫೋನು ತಂದಿದ್ದ. ಪಕ್ಕದ ಮನೆಯ ಶಾಂತಾ ಕಾಕುವಿನ ಗಂಡನೂ ಅದೇ ಅಂಗಡಿಯಿಂದ ಅದೇ ಬಗೆಯದನ್ನು ತಂದ.

ಹನ್ನೊಂದು ವರಗಳಿಗೆ ಚಹಾ ಕೊಟ್ಟು ಬೇಸತ್ತ ನಮ್ಮಕ್ಕ, ಮುಧೋಳದ ಹುಡುಗನಿಗೆ ಮೊದಲ ಸಲ ತಾನಾಗಿ ಹೂಂ ಅಂದಿದ್ದಳು. ಗೆಳತಿಯೊಡನೆ ಅವನ ಬಗ್ಗೆ ಮಾತಾಡಲು ಮೊಬೈಲಿನ ಭಯ; ಯಾರಿಗೆ ಎಷ್ಟು ಹೊತ್ತು ಎಂದು ಅಪ್ಪ ನೋಡುತ್ತಾನೆ. "ಕಾರ್ಡ್‌ಲೆಸ್ ತಗೊಂಡು ಮಾಳಿಗಿ ಮ್ಯಾಲ ಹೋಗು. ಅದರಾಗ ಗುರುತು ಉಳಿಯಂಗಿಲ್ಲ" ಎಂದು ಸಲಹೆ ಕೊಟ್ಟವನು ನಾನೇ.

ಒಂದು ಮಧ್ಯಾಹ್ನ ಕಾಕು ಬಂದಳು. "ತಮ್ಮಾ, ನಿಮ್ಮ ಮಾತು ನಮ್ಮ ಫೋನಿನ್ಯಾಗ ಬರತಾವಪಾ. ಅಕ್ಕಗ ಹೇಳು."

ನಾನು ವೇದಿಕೆ ಹತ್ತಿದವನ ಹಾಗೆ ನಿಂತೆ. "ಕಾಕು, ನಿಮ್ಮ ವಾಯರ್ ಬ್ಯಾರೆ, ನಮ್ಮ ವಾಯರ್ ಬ್ಯಾರೆ. ಹ್ಯಾಂಗ ಬರತಾವ?"

"ಅದು ನನಗ ತಿಳಿಯಂಗಿಲ್ಲ. ಎತ್ತಿದ್ರ ಬರತಾವ."

"ಪುರಾವೆ ಕೊಡ್ರಿ. ಇಲ್ಲಾ ಗ್ವಾಡಿಗೆ ಕಿವಿ ಹಚ್ಚೀರಿ, ಇಲ್ಲಾ ಕನಸು ಕಂಡೀರಿ."

ಪಡಸಾಲೆಯಲ್ಲಿ ಕೂತಿದ್ದ ಅಪ್ಪ ನಕ್ಕ, ಮಗ್ಗದ ಆಳುಗಳೂ ನಕ್ಕರು. ಕಾಕು ನಗಲಿಲ್ಲ. "ಆತಪಾ, ಕೊಡತೇನಿ" ಎಂದು ಹೋದಳು.

ಆಮೇಲೆ ಓದಿ ತಿಳಿದದ್ದು ಇಷ್ಟು. ವಾಯರು ಬರುವುದು ಗೋಡೆಯ ಪಕ್ಕದ ಡಬ್ಬಿಯವರೆಗೆ ಮಾತ್ರ. ಅಲ್ಲಿಂದ ಕೈಯಲ್ಲಿರುವ ಫೋನಿಗೆ ಮಾತು ರೇಡಿಯೋದಂತೆ ಗಾಳಿಯಲ್ಲಿ ಹೋಗುತ್ತದೆ. ಹೊಸ ಬಗೆಯವು ಮಾತನ್ನು ಗೂಢ ಸಂಕೇತವಾಗಿಸಿ ಕಳಿಸುತ್ತವೆಯಂತೆ. ನಮ್ಮಂಥ ಹಳೆಯವು ಬತ್ತಲೆಯಾಗಿ ಕಳಿಸುತ್ತವೆ. ಅದೇ ಚಾನಲ್ಲಿನ ಇನ್ನೊಂದು ಫೋನು ಎತ್ತಿದರೆ ಸಾಕು, ಕೇಳುತ್ತದೆ. ಮಾಳಿಗೆಯ ಮೇಲಿಂದಾದರೆ ಇನ್ನೂ ಛಲೋ ಕೇಳುತ್ತದೆ. ನಾನು ಎರಡು ದಿನ ಓದಿದ್ದನ್ನು ಕಾಕು ಎರಡು ಶಬ್ದದಲ್ಲಿ ಹೇಳಿದ್ದಳು.

ಮುಧೋಳ ಕಾಕುವಿನ ತವರು. ಎಂಟು ದಿನಕ್ಕೆ ಹುಡುಗನ ಅವ್ವನ ಫೋನು ಬಂತು, ಅದೇ ಕಾರ್ಡ್‌ಲೆಸ್ಸಿಗೆ. "ನಿಮ್ಮ ಮಗಳು ಅಂದಾಳಂತಲ್ರೀ, ನಾ ನನ್ನ ಮಗನ್ನ ಬ್ಯಾಟಿನಾಯಿ ಹಂಗ ಹಗ್ಗಾ ಹಿಡದು ಕರ್ಕೊಂಡು ಬಂದಿದ್ದೆ ಅಂತ. ಇರ್ಲಿ ಬಿಡ್ರಿ, ನಮ್ಮ ನಾಯಿ ನಮ್ಮ ಮನ್ಯಾಗ ಇರತೈತಿ."

ಅಕ್ಕ ಗೆಳತಿಗೆ ನಕ್ಕು ಹೇಳಿದ ಆ ಮಾತಿಗೆ ಇನ್ನರ್ಧ ಇತ್ತು: "ಖರೆ ಹೇಳಲಿ? ಅಂವ ನನಗ ಭಾಳ ಸೇರ್ಯಾನ." ಆ ಅರ್ಧ ಮುಧೋಳ ಮುಟ್ಟಲಿಲ್ಲ.

ಅಕ್ಕ ಕಾಕುವನ್ನು ಬೈಯಲಿಲ್ಲ. "ಆಕಿ ಹೇಳಾಕ ಬಂದಿದ್ಲು. ನೀ ಮಂದಿ ಮುಂದ ನಗಿಗೇಡ ಮಾಡಿ ಕಳಿಸಿದಿ" ಎಂದಳು. ಅದೇ ಕೊನೆ, ಅಂದಿನಿಂದ ನನ್ನೊಡನೆ ಮಾತಿಲ್ಲ.

ತಪ್ಪು ನನ್ನದಲ್ಲ ಎನ್ನಲು ನನ್ನಲ್ಲಿ ಮೂರು ಅಂಶಗಳಿವೆ. ಮನೆಯಲ್ಲಿ ಕೇಳುವವರಿಲ್ಲ. ಮೊನ್ನೆ ಮಾಳಿಗೆ ಹತ್ತಿ, ಮೊಬೈಲಿನ ರೀಚಾರ್ಜ್ ಮುಗಿದು ಬೇರೆ ದಾರಿಯಿಲ್ಲದೆ, ಬೀಳಗಿಯ ಗೆಳೆಯನಿಗೆ ಕಾರ್ಡ್‌ಲೆಸ್ಸಿನಲ್ಲೇ ಅವನ್ನು ವಿವರಿಸುತ್ತಿದ್ದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಫೋನಿನೊಳಗಿಂದಲೇ ಶಾಂತಾ ಕಾಕುವಿನ ದನಿ, ನಿಧಾನಕ್ಕೆ:

"ಇದಕ್ಕ ಪುರಾವೆ ಏನೈತಿ ತಮ್ಮಾ?"